ತಿರಕಪ್ಪನ ಕೈ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೆಟಗೇರಿಯಲ್ಲಿ ‘ತಿರಕಪ್ಪನ ಕೈ’ ಎಂದು ಹೆಸರಾದ ಸೀರೆಗಳನ್ನು ನೇಯ್ದದ್ದು ತಿರಕಪ್ಪನಾದ ನಾನಲ್ಲ, ನನ್ನ ಹೆಂಡತಿ ಫಕ್ಕೀರವ್ವ. ನನಗೆ ಒಂದೆಡೆ ಕೂತು ಗೊತ್ತಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು. ಸಾವಕಾರನ ಅಂಗಡಿಯಿಂದ ನೂಲು ತರುವುದು, ನೇಯ್ದ ಸೀರೆ ಮುಟ್ಟಿಸುವುದು, ಆ ನೆಪದಲ್ಲಿ ಲಕ್ಷ್ಮೇಶ್ವರ, ಶಿರಹಟ್ಟಿ ಎಂದು ಬಸ್ಸು ಹತ್ತಿ ತಿರುಗುವುದು, ಇಷ್ಟೇ ನನ್ನ ಕೆಲಸ. ಪಡಸಾಲೆಯ ಕುಣಿಮಗ್ಗದಲ್ಲಿ, ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಹನ್ನೆರಡು ವರ್ಷ ಕೂತವಳು ಅವಳು. ಹೆಂಗಸು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತಾಳೆ, ಗಂಡಸು ನೇಯುತ್ತಾನೆ ಎನ್ನುವುದು ಲೋಕದ ಮಾತು. ಹಾಗಾಗಿ ಹೆಸರು ನನ್ನದು. ಯುಗಾದಿಗೆ ಸಾವಕಾರ ಉಡಚಪ್ಪ “ಈ ಕೈಗೆ” ಎಂದು ನನ್ನ ತಲೆಗೆ ರುಮಾಲು ಸುತ್ತಿದಾಗಲೂ ಬಾಯಿ ಬಿಡಲಿಲ್ಲ. ನಾಚಿಕೆಯೂ ಆಗಲಿಲ್ಲ, ಸುಳ್ಳು ಯಾಕೆ ಹೇಳಲಿ.

ಎಪ್ಪತ್ತೆಂಟರ ಮಳೆಗಾಲದಲ್ಲಿ ಉಡಚಪ್ಪ ಬಸ್ಸಿನ ರಸ್ತೆಗೆ ತಗಡಿನ ಶೆಡ್ ಹಾಕಿಸಿ, ಹನ್ನೆರಡು ಮಗ್ಗ ಕೂಡಿಸಿ, ನಮ್ಮನ್ನೆಲ್ಲ ಕರೆಸಿದ.

“ಇನ್ನ ಮನಿಗೆ ನೂಲು ಕೊಡಂಗಿಲ್ಲ. ಮನ್ಯಾಗ ನೀವು ನೇಯ್ತೀರೋ, ಗೊರಕಿ ಹೊಡೀತೀರೋ, ನನಗೇನ್ ಕಾಣತೈತಿ? ಗಂಟಿ ಹೊಡದ ಕೂಡಲೇ ನನ್ನ ಕಣ್ಮುಂದ ಕುಂಡ್ರಬೇಕು. ಗಂಡಸರಷ್ಟ ಬರ್ರಿ, ಹೆಂಗಸರ ಗದ್ದಲ ಬ್ಯಾಡ.”

“ಮನ್ಯಾಗ ನೇಯ್ದ ಸೀರಿ ಯಾವಾಗರ ಕೆಟ್ಟಾವೇನ್ರಿ?” ಎಂದ ಮುದುಕ ಬೀರಲಿಂಗಪ್ಪ.

“ಕೆಟ್ಟಿಲ್ಲ, ತಡಾ ಆಗ್ಯಾವ. ತಿರಕಪ್ಪ, ನೀ ಮೊದಲನೇ ಮಗ್ಗಕ್ಕ ಕುಂಡ್ರು. ಉಳಿದವರು ನಿನ್ನ ನೋಡಿ ಕಲೀಲಿ.”

ಆಗಲೇ ಖರೆ ಹೇಳಬಹುದಿತ್ತು. ತಲೆಯ ಮೇಲಿನ ರುಮಾಲು ಅಡ್ಡ ಬಂತು.

ಮನೆಗೆ ಬಂದು ಹೇಳಿದರೆ ಫಕ್ಕೀರವ್ವ ಲಾಳಿ ನಿಲ್ಲಿಸಲಿಲ್ಲ. “ಹಂಗಾರ ಮಗ್ಗಕ್ಕ ಏರಿಸಿದ ಈ ಹಾಸು ಮುಗದ ಮ್ಯಾಲ ನಾ ಏನ್ ಮಾಡ್ಲಿ?”

“ಆರಾಮ ಇರು.”

“ಆರಾಮ ಯಾರ್ ಬೇಡಿದ್ರು ನಿನ್ನ? ನನ್ನ ಕೈ ಕಟ್ಟಿ ಹಾಕಿ ಆರಾಮ ಅಂತೀಯಲ್ಲ!” ಎಂದಳು. ಕಣ್ಣಲ್ಲಿ ನೀರಿತ್ತು. ಅವಳು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಶೆಡ್ಡಿನಲ್ಲಿ ಮೊದಲ ದಿನ ಎಂಟು ಸಲ ನೀರು ಕುಡಿದೆ, ಒಂಬತ್ತು ಸಲ ಹೊರಗೆ ಹೋದೆ. ಕೂತರೆ ತೊಡೆ ಜುಮ್ಮೆನ್ನುತ್ತದೆ. ಮುಂಡರಗಿ ಬಸ್ಸಿನ ಹಾರ್ನು ಕೇಳಿದರೆ ಜೀವ ಎದ್ದು ಓಡುತ್ತದೆ. ಎಳೆಯವನಿದ್ದಾಗ ಅಪ್ಪ ಕಲಿಸಿದ್ದು ಕೈಗೆ ಮರೆತೇ ಹೋಗಿತ್ತು. ಮೂರು ದಿನಕ್ಕೆ ಒಂದು ಮೊಳ ಆಯಿತು. ಅದರ ಅಂಚೋ, ಎತ್ತು ಉಚ್ಚೆ ಹೊಯ್ದ ಹಾಗೆ ಸೊಟ್ಟಸೊಟ್ಟ. ಉಡಚಪ್ಪ ಬೆರಳಾಡಿಸಿ ನೋಡಿ, “ಯಾಕೋ ತಿರಕಪ್ಪ, ಮೈಯಾಗ ಆರಾಮಿಲ್ಲೇನು?” ಎಂದು ಕಳವಳದಿಂದ ಕೇಳಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಹೂಂ ಎಂದು ತಲೆಯಾಡಿಸಿ ಮನೆಗೆ ಓಡಿದೆ. ಅಲ್ಲಿ ಹಾಸು ಮುಗಿದಿತ್ತು. ಫಕ್ಕೀರವ್ವ ಮಗ್ಗದ ಕುಣಿಗೆ ಹಲಗೆ ಮುಚ್ಚಿ, ಅದರ ಮೇಲಿಡಲು ಜೋಳದ ಚೀಲ ಎಳೆಯುತ್ತಿದ್ದಳು.

“ಬಿಡು ಅದನ್ನ,” ಎಂದೆ.

“ಇನ್ನ ಯಾತಕ್ಕ ಬೇಕು ಇದು?”

ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಹೋದ ಕಾಲಲ್ಲೇ ಶೆಡ್ಡಿಗೆ ತಿರುಗಿ ಬಂದು, ರುಮಾಲು ಬಿಚ್ಚಿ ಉಡಚಪ್ಪನ ಗಾದಿಯ ಮೇಲಿಟ್ಟೆ. “ಸಾವಕಾರ್ರ, ಆ ಕೈ ನಂದಲ್ರಿ. ನಮ್ಮಾಕಿದು.”

ಮಗ್ಗಗಳೆಲ್ಲ ನಿಂತವು. ಯಾರೋ ಕಿಸಕ್ಕೆಂದರು. ಬೀರಲಿಂಗಪ್ಪ ಮಾತ್ರ ತಲೆ ತಗ್ಗಿಸಿದ. ಅವನ ಮನೆಯ ಮಗ್ಗಕ್ಕೂ ಸೊಸೆಯೇ ಕೂಡುತ್ತಿದ್ದಳು.

ಉಡಚಪ್ಪ ರುಮಾಲನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಅವನಿಗೆ ಆ ಸೀರೆಯೂ ಬೇಕು, ಆಡಿದ ಮಾತೂ ಉಳಿಯಬೇಕು.

“ನೂಲು ಆಕಿಗೆ ಮನಿಗೇ ಕಳಸ್ತೀನಿ,” ಎಂದ ಕೊನೆಗೆ. “ಆದ್ರ ನಿಮ್ಮ ಮನಿಯಿಂದ ಒಬ್ಬರು ನನ್ನ ಕಣ್ಮುಂದ ಇರಬೇಕು. ಇಲ್ಲಾಂದ್ರ ನಾಳೆ ಎಲ್ಲಾರೂ ಮನಿ ಮನಿ ಅಂತಾರ. ಮುಂಜಾನಿ ಗಂಟಿಯಿಂದ ಸಂಜಿ ಗಂಟಿತನಕಾ ನೀ ಇಲ್ಲೇ ಕುಂತು ಕಂಡಿಕಿ ಸುತ್ತು.”

ಕಂಡಿಕೆ! ಅದೂ ಅಷ್ಟು ಗಂಡಸರ ನಡುವೆ!

ಮನೆಗೆ ಬಂದು ಖಬರ ಹೇಳಿ ಮುಗಿಸುವುದರೊಳಗೆ ಫಕ್ಕೀರವ್ವ ಹಲಗೆ ಸರಿಸಿ ಕುಣಿಯೊಳಗೆ ಕಾಲು ಇಳಿಬಿಟ್ಟಿದ್ದಳು.

“ದಿನಾ ಪೂರ್ತಿ ಹೆಂಗ ಕುಂಡ್ರಲೇ ನಾ?” ಎಂದು ಗೋಳಾಡಿದೆ.

“ಹನ್ನೆರಡು ವರ್ಷ ಹೆಂಗ ಕುಂತಿ ಅಂತ ನನ್ನ ಒಂದಿನಾರ ಕೇಳಿದ್ದೇನು ನೀ?”

ಮರುದಿನ ಗಂಟೆ ಹೊಡೆಯುವ ಮೊದಲೇ ಹೋಗಿ ಕೂತೆ. ಮುಂಡರಗಿ ಬಸ್ಸು ಹಾರ್ನು ಹೊಡೆಯಿತು. ನಾನು ಏಳಲಿಲ್ಲ.