ಕಟ್ಟಿದ್ದು ಯಾವ ಮಗನನ್ನು

ಮಧ್ವರಾಜರು ಮೂವತ್ತು ವರ್ಷ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಟ್ಟವರು. ೨೦೦೩ರಲ್ಲಿ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡ ಮೇಲೆ ನುಂಗಂಬಾಕ್ಕಂ ಮನೆಯ ಮುಂದಿನ ಕೋಣೆಯಲ್ಲಿ ಮಲಗಿಬಿಟ್ಟರು. ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ.

ಮಗ ಪ್ರಮೋದ ಆ ತಮಿಳು ಊರಿನಲ್ಲೂ ಕನ್ನಡ ಬರುವ ಇಬ್ಬರು ಹೆಂಗಸರನ್ನು ಆರೈಕೆಗೆ ಗೊತ್ತುಮಾಡಿದ. ಮಧ್ಯಾಹ್ನ ಎರಡರವರೆಗೆ ಕೊಳ್ಳೇಗಾಲದ ಕಡೆಯ ಕ್ರೈಸ್ತಳು, ಸರಸ. ಆಮೇಲೆ ಹೊಸೂರಿನ ಖೈರುನ್ನಿಸಾ. ಅಡುಗೆಮನೆಗೆ ಇಬ್ಬರನ್ನೂ ಬಿಡುತ್ತಿರಲಿಲ್ಲ. ಪಾಳಿ ಬದಲಾಗುವಾಗ ಹಿಂದಿನ ಮೆಟ್ಟಿಲ ಮೇಲೆ ಕೂತು ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದರು. ಸರಸಳ ಹತ್ತು ವರ್ಷದ ಮಗ ದಾವೀದ ಕಾಮಾಲೆಯಾಗಿ ಸತ್ತಾಗ ಒಂದು ತಿಂಗಳು ಎರಡೂ ಪಾಳಿ ಎಳೆದವಳು ಖೈರುನ್ನಿಸಾ.

"ನಿಮ್ಮಿಬ್ಬರ ದೇವರೂ ಒಬ್ಬನೇ ಏನು?" ಒಂದು ಮಧ್ಯಾಹ್ನ ಮಧ್ವರಾಜರು ಇಬ್ಬರನ್ನೂ ಮಂಚದ ಹತ್ತಿರ ಕರೆದು ಕೇಳಿದರು.

"ಒಬ್ಬನೇ ಸಾರ್," ಅಂದಳು ಸರಸ. "ಅಬ್ರಹಾಮನ ದೇವರು."

"ಹಂಗಾದ್ರೆ ಅಬ್ರಹಾಮ ಬಲಿ ಕೊಡೋಕೆ ಯಾವ ಮಗನನ್ನ ಕಟ್ಟಿದ?"

"ಇಸಾಕನನ್ನ."

"ಇಸ್ಮಾಯಿಲ್‌ನ," ಅಂದಳು ಖೈರುನ್ನಿಸಾ. ಇಬ್ಬರೂ ಮುಖ ಮುಖ ನೋಡಿಕೊಂಡರು. ಖೈರುನ್ನಿಸಾ ನಕ್ಕುಬಿಟ್ಟಳು. "ಯಾವನಾದ್ರೂ ಆಗ್ಲಿ ಸಾರ್, ದೇವರೇ ತಡೆದ, ಮಗು ಬದುಕ್ತಲ್ಲ!"

ಸರಸಳೂ ನಕ್ಕಳು. ಎಷ್ಟೋ ವಿದ್ಯಾರ್ಥಿಗಳ ಬಾಯಿ ಮುಚ್ಚಿಸಿದ್ದ ಮಧ್ವರಾಜರಿಗೆ ಆ ನಗು ಮೈಯೆಲ್ಲ ಉರಿಸಿತು.

ಮಾರನೆಯ ದಿನದಿಂದ ಒಬ್ಬೊಬ್ಬರನ್ನೇ ಹಿಡಿದರು. "ದೇವರಿಗೆ ಮಗ ಇದಾನೆ ಅನ್ನೋರು ಮೂಢರು ಅಂತಾಳೆ ನಿನ್ನ ಗೆಳತಿ," ಅಂದರು ಸರಸಳಿಗೆ. "ನಿಮ್ಮ ಪೈಗಂಬರರನ್ನ ಅವಳು ನಂಬೋದೇ ಇಲ್ಲವಂತೆ," ಅಂದರು ಖೈರುನ್ನಿಸಾಗೆ. ಇಬ್ಬರೂ ತಲೆಯಾಡಿಸಿ ಬೆನ್ನೊರೆಸುತ್ತಿದ್ದರು. ಮೆಟ್ಟಿಲ ಮೇಲಿನ ಊಟ ನಿಲ್ಲಲಿಲ್ಲ.

ಕೊನೆಗೊಂದು ಬೆಳಿಗ್ಗೆ ಸರಸ ಗಂಜಿ ಕುಡಿಸುತ್ತಿದ್ದಾಗ ಮೆಲ್ಲಗೆ ಅಂದರು: "ಹೇಳಬಾರದು ಅಂತಿದ್ದೆ. ನಿನ್ನ ದಾವೀದ ಸ್ವರ್ಗಕ್ಕೆ ಹೋಗಿಲ್ಲವಂತೆ. ನೀನು ಪ್ರಾರ್ಥನೇಲಿ ಕರೆದದ್ದು ದೇವರನ್ನಲ್ಲ, ಬೇರೆ ಯಾರನ್ನೋ, ಅದಕ್ಕೇ ಮಗು ಉಳಿಯಲಿಲ್ಲ ಅಂತ ಖೈರುನ್ನಿಸಾ ಹೇಳಿದಳು."

ಚಮಚ ಅವರ ಬಾಯಿಯ ಹತ್ತಿರವೇ ನಿಂತಿತು.

"ಅವಳೇ ಹೇಳಿದ್ಳಾ ಸಾರ್?"

"ನಾನು ಯಾಕೆ ಸುಳ್ಳು ಹೇಳಲಿ?"

ಸರಸ ಉಳಿದ ಗಂಜಿಯನ್ನು ಒಂದು ಹನಿಯೂ ಚೆಲ್ಲದಂತೆ ಕುಡಿಸಿ ಮುಗಿಸಿದಳು. ಆಮೇಲೆ ಪ್ರಮೋದನಿಗೆ ಫೋನು ಮಾಡಿ, ಖೈರುನ್ನಿಸಾ ಇರುವ ಮನೆಗೆ ತಾನಿನ್ನು ಕಾಲಿಡುವುದಿಲ್ಲ ಎಂದಳು. ಕಾರಣ ಹೇಳಲಿಲ್ಲ. ಅವನೂ ಕೆದಕಲಿಲ್ಲ. ಸರಸ ಹಳಬಳು ಎಂದು ಇನ್ನೊಬ್ಬಳನ್ನು ಕೆಲಸದಿಂದ ಬಿಡಿಸಿದ.

ಮರುದಿನ ಎರಡು ಗಂಟೆಗೆ ಖೈರುನ್ನಿಸಾ ತನ್ನ ಸೀರೆ, ಟವೆಲು ತೆಗೆದುಕೊಂಡು ಹೋಗಲು ಬಂದಳು. ಸರಸ ಅವಳನ್ನು ಕಂಡದ್ದೇ ಹಿತ್ತಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಖೈರುನ್ನಿಸಾ ಮುಚ್ಚಿದ ಬಾಗಿಲನ್ನೇ ಸ್ವಲ್ಪ ಹೊತ್ತು ನೋಡಿ ಮಂಚದ ಬಳಿ ಬಂದಳು.

"ನನ್ನಿಂದ ಏನು ತಪ್ಪಾಯ್ತೋ ಗೊತ್ತಿಲ್ಲ ಸಾರ್. ಅಕ್ಕನಿಗೆ ಒಂದು ಮಾತು ಹೇಳ್ತೀರಾ? ದಾವೀದನ ಹೆಸರು ಹೇಳಿ ದಿನಾ ದುವಾ ಮಾಡ್ತೀನಿ. ಇನ್ಮೇಲೂ ಬಿಡಲ್ಲ ಅಂತ."

"ಹೇಳ್ತೀನಮ್ಮ," ಅಂದರು.

ಗೇಟಿನ ಸದ್ದು ಕೇಳಿದ ಮೇಲೆ ಸರಸ ಒಳಗೆ ಬಂದಳು. ಕಣ್ಣು ಕೆಂಪಗಾಗಿತ್ತು. ಹಾಸಿಗೆಯ ಸುಕ್ಕು ಎಳೆಯುತ್ತಾ ಕೇಳಿದಳು:

"ಏನಂದ್ಳು ಸಾರ್? ನನಗೇನಾದ್ರೂ ಹೇಳಿದ್ಳಾ?"

ಮಧ್ವರಾಜರು ಅವಳ ಮುಖವನ್ನು ಚೆನ್ನಾಗಿ ನೋಡಿದರು.

"ಇಲ್ಲವಲ್ಲ," ಅಂದರು. "ಏನೂ ಹೇಳಲಿಲ್ಲ."