ಮಾರ್ದಿಯಾ ನಾಟಕ ಆಡುತ್ತಿರಲಿಲ್ಲ

ಕಡಲಪಾಚಿ ಹೊತ್ತ ದೋಣಿಗಳು ದಡಕ್ಕೆ ಬಂದಿದ್ದವು. ದಾಯೆಂಗ್ ನೊಂಪೊ ಇಳಿದು ಮಗಳ ಕಡೆ ಕೈ ಚಾಚಿದ. ಐದು ವರ್ಷದ ಮಾರ್ದಿಯಾ ತೊಡರುತ್ತಾ ಬಂದಳು. ಆದರೆ ಅವನನ್ನು ದಾಟಿಕೊಂಡು ಹೋಗಿ, ಹಳದಿ ಟೋಪಿ ಹಾಕಿದ್ದ ಇನ್ನೊಬ್ಬನ ಕೈ ಹಿಡಿದು "ತೆತ್ತಾ" ಎಂದಳು. ಅಪ್ಪಾ ಅಂತ!

ದಡದಲ್ಲಿದ್ದವರು ಗೊಳ್ಳೆಂದು ನಕ್ಕರು. "ಏನೋ ನೊಂಪೊ, ಮಗಳು ಅಪ್ಪನ್ನೇ ಬದಲಾಯಿಸಿಬಿಟ್ಳಲ್ಲೋ!"

ನೊಂಪೊ ನಗಲಿಲ್ಲ. ಎಲ್ಲರ ಮೇಲೂ ಅನುಮಾನ ಅವನಿಗೆ; ಮಗಳು ಕಾಣದಂತೆ ನಟಿಸುತ್ತಾಳೆ ಎಂಬ ಅನುಮಾನವಂತೂ ಮೊದಲಿಂದಲೂ ಇತ್ತು. ಮಾರ್ದಿಯಾ ತಿಂಗಳು ತುಂಬುವ ಮುಂಚೆಯೇ ಹುಟ್ಟಿದವಳು. ನಡೆದದ್ದು ತಡ, ಮಾತು ತಡ. ಅದೆಲ್ಲ ಸರಿ. ಆದರೆ ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಕಣ್ಣು ಚೆನ್ನಾಗಿದೆ ಅಂದಿದ್ದರಲ್ಲ? ಬರಿ ನೆಲದ ಮೇಲೆ ಬಿದ್ದ ಅಕ್ಕಿಕಾಳನ್ನೂ ಹೆಕ್ಕುತ್ತಾಳೆ. ಮೇಜಿನ ಮೇಲೆ ಪಾತ್ರೆಗಳ ನಡುವೆ ಇರುವ ತನ್ನ ಲೋಟ ಮಾತ್ರ ಕಾಣುವುದಿಲ್ಲ. ಕಂಬಗಳ ಮೇಲೆ ಕಟ್ಟಿದ ಮನೆಯ ಏಣಿ ಇಳಿಯಲು ಅಳುತ್ತಾಳೆ. ಇದು ನಾಟಕವಲ್ಲದೆ ಇನ್ನೇನು? ಇದನ್ನೆಲ್ಲ ಹೇಳಿಕೊಡುತ್ತಿರುವುದು ತನ್ನ ಹೆಂಡತಿ ಚಾಯಾಳೇ ಇರಬೇಕು.

ಮಾರನೆಯ ದಿನ ಕಡಲಪಾಚಿ ಕಟ್ಟುವ ಹಗ್ಗ, ಅದನ್ನು ತೇಲಿಸುವ ಪ್ಲಾಸ್ಟಿಕ್ ಬಾಟಲಿಗಳ ರಾಶಿಯ ಮೇಲೆ ಕರಿದ ಬಾಳೆಹಣ್ಣಿಟ್ಟು, "ತಗೋ" ಎಂದ. ಮಗು ಎತ್ತಲೋ ಮುಖ ತಿರುಗಿಸಿ ಕೈಯಾಡಿಸಿತು. ಸಿಗಲಿಲ್ಲ.

"ಕಣ್ಣೆದುರಿಗೇ ಇದೆ, ಕಳ್ಳಿ!" ಎಂದು ಅವನು ಹಣ್ಣನ್ನು ಅವಳಿಗೆ ಕೊಡದೆ ಎತ್ತಿಕೊಂಡ. ಮಗು ಬಿಕ್ಕಿ ಬಿಕ್ಕಿ ಅತ್ತಿತು.

"ಇಷ್ಟು ಸಣ್ಣ ಕೂಸು ಯಾಕ್ರೀ ನಿಮಗೆ ಮೋಸ ಮಾಡುತ್ತೆ?" ಎಂದಳು ಚಾಯಾ. ಅಂದೇ ಹೋಗಿ, ಊರಿನ ಮಕ್ಕಳ ತೂಕ ನೋಡುವ ಆರೋಗ್ಯ ಕಾರ್ಯಕರ್ತೆ ಹಸ್ನಿಯಾಳನ್ನು ಕರೆತಂದಳು.

"ಏನ್ ತಂಗಿ, ನನ್ನ ಮಗಳ ಫೋಟೋ ತೆಗೆದು ಎಲ್ಲಿಗೆ ಕಳಿಸ್ತೀಯಾ?" ಎಂದ ನೊಂಪೊ, ಅವಳ ಕೈಯಲ್ಲಿದ್ದ ಹಳೆಯ ಫೋನು ನೋಡಿ.

"ಫೋಟೋ ತೆಗೆಯೋ ಫೋನಾಗಿದ್ರೆ ನನ್ನ ಮಕ್ಕಳು ನನ್ನ ಕೈಗೆ ಕೊಡ್ತಿದ್ರಾ ಅಣ್ಣ?" ಹಸ್ನಿಯಾ ನಕ್ಕಳು. ಮಗುವನ್ನು ತುಂಬ ಹೊತ್ತು ಆಡಿಸಿ, ಆಮೇಲೆ ಹೇಳಿದಳು, "ಕಣ್ಣು ನೋಡುತ್ತೆ. ನೋಡಿದ್ದು ಏನು ಅಂತ ಗುರುತು ಹಿಡಿಯೋದು ಮೆದುಳು. ಬೇಗ ಹುಟ್ಟಿದ, ಬೆಳವಣಿಗೆ ತಡವಾದ ಕೆಲವು ಮಕ್ಕಳಿಗೆ ಆ ಕೆಲಸ ಕಷ್ಟ ಆಗುತ್ತೆ. ಇವಳಿಗೂ ಹಾಗೇ ಇರಬಹುದು."

"ಅಕ್ಕಿಕಾಳು ಹೆಂಗೆ ಕಾಣುತ್ತೆ ಮತ್ತೆ?"

"ನೆಲದ ಮೇಲೆ ಅದೊಂದೇ ಇರುತ್ತಲ್ಲ. ರಾಶಿಯೊಳಗೆ ಎಲ್ಲ ಒಂದಕ್ಕೊಂದು ಕಲಸಿಹೋಗುತ್ತೆ. ಮುಖಗಳೂ ಹಂಗೇ. ಟೋಪಿ ನೋಡಿ ಗುರುತು ಹಿಡೀತಾಳೇನೋ. ನೀವು ದಿನಾ ಹಾಕೋ ಹಳದಿ ಟೋಪಿ ನಿನ್ನೆ ದಡದಲ್ಲಿ ಎಲ್ಲಿತ್ತು?"

"ಗಾಳಿಗೆ ಹಾರಿಹೋಗಿತ್ತು. ಆದ್ರೂ ನಾನು ನಂಬಲ್ಲ" ಎಂದ.

"ನಂಬಬೇಡಿ. ನೀವೇ ನೋಡಿ."

ಸನ್ನೆ ಮಾಡಿಯಾರೆಂದು ನೊಂಪೊ ಇಬ್ಬರು ಹೆಂಗಸರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದ. ಕಪ್ಪು ಬಟ್ಟೆ ಹಾಸಿ, ಮೇಲೆ ಕರಿದ ಬಾಳೆಹಣ್ಣೊಂದನ್ನೇ ಇಟ್ಟ. ಮಾರ್ದಿಯಾ ತಟ್ಟನೆ ಎತ್ತಿಕೊಂಡಳು. ರಾಶಿಯಲ್ಲಿಟ್ಟ, ಸಿಗಲಿಲ್ಲ. ಮತ್ತೆ ಬಟ್ಟೆಯ ಮೇಲಿಟ್ಟ; ಸಿಕ್ಕಿತು. ಕೊನೆಗೆ ಏನೂ ಮಾತಾಡದೆ ಅವಳ ಹತ್ತಿರ ಹೋಗಿ ಕುಳಿತ. ಮಗು ಅಪರಿಚಿತನನ್ನು ಕಂಡಂತೆ ಹಿಂದೆ ಸರಿಯಿತು.

"ಮಾರ್ದಿಯಾ..."

ಆ ದನಿಗೆ ಅವಳ ಮುಖ ಅರಳಿತು. "ತೆತ್ತಾ!"

ಬಾಗಿಲು ತೆರೆದಾಗ ನೊಂಪೊ ಮಗಳನ್ನು ಎದೆಗೆ ಅವಚಿಕೊಂಡಿದ್ದ. "ನಾನು ಅವಳ ಬಾಯಿಂದ ಹಣ್ಣು ಕಿತ್ಕೊಂಡೆ ಕಣೇ" ಎಂದ.

ಪಟ್ಟಣದ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದ ಡಾಕ್ಟರು ಹಸ್ನಿಯಾ ಹೇಳಿದ್ದೇ ನಿಜ ಎಂದರು. ಬರಿ ಕನ್ನಡಕದಿಂದ ಇದು ಸರಿಹೋಗುವುದಿಲ್ಲ, ಅಭ್ಯಾಸ ಬೇಕು ಎಂದರು. ಈಗ ಮಾರ್ದಿಯಾಳ ಕೆಂಪು ಲೋಟಕ್ಕೆ ಬೇರೆಯೇ ಜಾಗ. ಏಣಿಯ ಮೆಟ್ಟಿಲುಗಳ ಅಂಚಿಗೆ ಬಣ್ಣದ ಪಟ್ಟಿ. ಮನೆಗೆ ಬಂದವರು ಮೊದಲು ತಮ್ಮ ಹೆಸರು ಹೇಳಿಯೇ ಅವಳನ್ನು ಮುಟ್ಟಬೇಕು. ಅವಳು ಪಕ್ಕದ ಕಂಬಿ ಹಿಡಿದು ತಾನೇ ಇಳಿಯುತ್ತಾಳೆ. ನೊಂಪೊನ ಅನುಮಾನದ ಬುದ್ಧಿ ಮಾತ್ರ ಹೋಗಿಲ್ಲ. ಅವಳು ಹೋಗುವ ಶಿಶುವಿಹಾರದವರು, ಎಲ್ಲ ಕಲಸಿಹೋಗುವಂತೆ ಚಿತ್ರ ತುಂಬಿದ ಗೋಡೆಯ ಎದುರು ಅವಳನ್ನು ಕೂರಿಸಿದ್ದಾರೋ ಏನೋ ಎಂದು ಆಗಾಗ ಕಿಟಕಿಯಲ್ಲಿ ಇಣುಕಿ ಬರುತ್ತಾನೆ.

ಓದುತ್ತಿರುವ ಅಪ್ಪ, ಅಮ್ಮ, ಅಜ್ಜಿಯರೇ, ನಿಮ್ಮ ಮನೆಯ ಮಗು ಹತ್ತಿರದವರ ಮುಖ ಗುರುತಿಸುವುದಿಲ್ಲವೇ? ಎದುರಿಗಿರುವ ವಸ್ತುವಿಗೆ ತಡಕಾಡುತ್ತದೆಯೇ? ಮೆಟ್ಟಿಲು ಕಂಡರೆ ಹೆದರುತ್ತದೆಯೇ? ಗದರಬೇಡಿ. ಕಣ್ಣು ಚೆನ್ನಾಗಿದೆ ಎಂದರೂ ಸುಮ್ಮನಾಗಬೇಡಿ. ನೀವು ಕಂಡದ್ದನ್ನೆಲ್ಲ ಆರೋಗ್ಯ ಕೇಂದ್ರದಲ್ಲಿ ಬಿಡಿಸಿ ಹೇಳಿ, ಮಕ್ಕಳ ತಜ್ಞರಿಗೆ ತೋರಿಸಿ. ಮಗು ಚಿಕ್ಕದಿರುವಾಗಲೇ ಹೊರಡಿ.