ರಾಮಲಿಂಗಯ್ಯನ ಹೊಲಕ್ಕೆ ಮತ್ತೆ ಕುರಿಮಂದೆ

ಕೂಟಗಲ್ ಕಡೆಯ ರಾಮಲಿಂಗಯ್ಯನ ರಾಗಿ ಹೊಲ ಕಲ್ಲಾಗಿತ್ತು. ಮಳೆ ಬಿದ್ದರೆ ನೀರು ಒಳಗಿಳಿಯದೆ ಜಾರಿ ಹೋಗುತ್ತಿತ್ತು. ವರ್ಷ ವರ್ಷ ಯೂರಿಯಾದಂಥ ಮೂಟೆ ಗೊಬ್ಬರ ಹೆಚ್ಚಿಗೆ ಸುರಿದರೂ ತೆನೆ ಮಾತ್ರ ಸಣ್ಣದು. ರಾಗಿ ಬೆಳೆಯುವ ಮನೆಯವರೇ ಅಂಗಡಿ ರಾಗಿ ತರುವಂತಾಯಿತು. ನಾಲ್ಕು ಜನರೆದುರು ಚೀಲ ಹೊತ್ತು ಬರಲು ಅವನಿಗೆ ಮುಖವಿರಲಿಲ್ಲ.

ಅವನಪ್ಪನ ಕಾಲದಲ್ಲಿ ಹೀಗಿತ್ತೇ? ಬೇಸಿಗೆ ಬಂತೆಂದರೆ ಕುರಿಗಾಹಿ ಬೀರಯ್ಯನ ಅಪ್ಪ ಮಂದೆ ಹೊಡೆದುಕೊಂಡು ಬಂದು, ಹೊಲದಲ್ಲಿ ಬಿದಿರ ತಡಿಕೆ ಕಟ್ಟಿ ಕುರಿ ಮಲಗಿಸುತ್ತಿದ್ದ. ದಿನಾ ತಡಿಕೆಯ ಜಾಗ ಬದಲಿಸಿದರೆ ಹಿಕ್ಕೆ, ಗಂಜಲ ಇಡೀ ಹೊಲಕ್ಕೆ ಸಿಗುತ್ತಿತ್ತು. ಹೊಲದವರು ಕುರಿಯವರಿಗೆ ಮುದ್ದೆ, ಸಾರು ಕೊಡುತ್ತಿದ್ದರು. ಮಂದೆ ಮೊದಲು ನಮ್ಮ ಹೊಲಕ್ಕೇ ಬರಬೇಕೆಂದು ಊರಲ್ಲಿ ಜಗಳವೇ ಆಗುತ್ತಿತ್ತು. ಆ ಕಂಬಳಿಯ ವಾಸನೆ ರಾಮಲಿಂಗಯ್ಯನ ಮೂಗಿನಲ್ಲಿ ಇನ್ನೂ ಇತ್ತು.

ಆದರೂ ಮೂಟೆ ಗೊಬ್ಬರ ಬಂದ ಮೇಲೆ, ಕುರಿಗಳು ತನ್ನ ರೇಷ್ಮೆ ತೋಟದ ಹಿಪ್ಪುನೇರಳೆ ತಿಂದು ಹಾಕುತ್ತವೆಂದು ಬೀರಯ್ಯನನ್ನು ಬದುವಿನಿಂದಲೇ ಅಟ್ಟಿದವನು ಇವನೇ. ಊರವರಿಗೂ ಅಟ್ಟಲು ಹೇಳಿಕೊಟ್ಟ. ಅತ್ತ ಗೋಮಾಳಕ್ಕೆ ಫ್ಯಾಕ್ಟರಿ ಬೇಲಿ ಬಿತ್ತು. ಮೇವಿಲ್ಲದೆ ಬೀರಯ್ಯ ಮಂದೆಯನ್ನೇ ಸಂತೆಗೆ ಹೊಡೆದು ಮಾರಲು ಹೊರಟ.

ಸ್ತ್ರೀಶಕ್ತಿ ಸಂಘದಿಂದ ಸುದ್ದಿ ತಂದವಳು ಹೆಂಡತಿ ಕೆಂಚಮ್ಮ. ಈ ಮಂದೆ ಹೋದರೆ ಸುತ್ತಮುತ್ತ ಮತ್ತೊಂದಿಲ್ಲ, ಹೋಗಿ ಕರೆಯೆಂದಳು. ಆ ಕಾಲವೆಲ್ಲ ಮುಗಿಯಿತೆಂದು ಅವನು ಗೊಣಗಿದ.

"ಮೂಟೆ ಗೊಬ್ಬರ ಪೈರಿಗಾಯ್ತು ಕಣಯ್ಯ. ಮಣ್ಣಿಗೆ ಏನಿಕ್ಕಿದೀಯ?"

"ಸೊಪ್ಪು ತಿಂದ್ಬುಟ್ರೆ ರೇಷ್ಮೆ ಹುಳಕ್ಕೆ ಏನಾಕ್ಲಿ?"

"ಹುಳ ಹಣ್ಣಾಗಿ ಗೂಡು ಕಟ್ಟಿದ್ಮೇಲೆ ತೋಟದಲ್ಲಿ ಉಳಿಯೋ ಸೊಪ್ಪು ಯಾರ್ ತಿಂತಾರೆ, ನೀನಾ? ಅದನ್ನ ಕುಯ್ದು ಕುರಿಗಾಕು."

ಅವನು ಟವೆಲ್ ಹೆಗಲಿಗೆ ಹಾಕಿ ಬೀರಯ್ಯನ ಹಟ್ಟಿಗೆ ಹೋದ. ಬೀರಯ್ಯ ಕೂತಲ್ಲಿಂದ ಏಳಲಿಲ್ಲ.

"ಏನ್ ರಾಮಲಿಂಗಣ್ಣ, ದಾರಿ ತಪ್ಪಿ ಬಂದ್ಬುಟ್ಟಾ? ನನ್ ಕುರಿ ಗಬ್ಬು ಅಂತಿದ್ದೆ."

"ಅಂದಿದ್ದೆ ಕಣ್ಲಾ. ನನ್ ಹೊಲ ಸತ್ತೋಗೈತೆ. ತೋಟದ ಸೊಪ್ಪು ಕುಯ್ದಾಕ್ತೀನಿ, ಮಂದೆ ಹೊಡ್ಕೊಂಡ್ ಬಾ."

"ನಿನ್ನೊಬ್ಬನ ಸೊಪ್ಪಲ್ಲಿ ಮಂದೆ ಬದುಕ್ತದಾ?"

ಇದನ್ನು ಅವನು ಯೋಚಿಸಿರಲಿಲ್ಲ. ಕುರಿ ಅಟ್ಟಿರೆಂದು ಹೇಳಿಕೊಟ್ಟಿದ್ದ ಮನೆಗಳ ಬಾಗಿಲಿಗೇ ಈಗ ಕುರಿ ಕರೆಯಿರೆಂದು ಹೋಗಬೇಕಾಯಿತು. ಕೆಲವರು ನಕ್ಕರು, ಕೆಲವರು ಬೈದರು, ಕೆಲವರು ಒಪ್ಪಿದರು. ಕೆಂಚಮ್ಮ ಸಂಘದವರನ್ನು ಕೂರಿಸಿ ಸರದಿ ಗೊತ್ತುಮಾಡಿದಳು. ಯಾರ ಹೊಲದಲ್ಲಿ ಮಂದೆಯೋ ಅವರದೇ ಮೇವು, ಅವರದೇ ಮುದ್ದೆ. ಬೀರಯ್ಯ ಸಂತೆಗೆ ಹೋಗಲಿಲ್ಲ.

ಹಿಕ್ಕೆ ಬಿಸಿಲಿಗೆ ಒಣಗುವ ಮೊದಲೇ ಉತ್ತು ಮಣ್ಣಿಗೆ ಸೇರಿಸಬೇಕೆಂದು ಬೀರಯ್ಯ ನಿಂತು ಹೇಳಿದ. ರಾಗಿಯ ನಡುವೆ ಅವರೆ, ಹುಚ್ಚೆಳ್ಳಿನ ಅಕ್ಕಡಿ ಸಾಲು ಹಾಕಿಸಿದಳು ಕೆಂಚಮ್ಮ. ಮೊದಲ ವರ್ಷ ದೊಡ್ಡ ಪವಾಡವೇನೂ ಆಗಲಿಲ್ಲ, ಮಳೆ ನೀರು ಒಸಿ ಇಂಗಿತು, ಅಷ್ಟೆ. ರಾಮಲಿಂಗಯ್ಯ ಮೂಟೆ ಗೊಬ್ಬರ ಕಡಿಮೆ ಮಾಡುತ್ತಾ ಬಂದ. ವರ್ಷ ಕಳೆದಂತೆ ಮಣ್ಣಲ್ಲಿ ಎರೆಹುಳ ಕಂಡವು, ನೇಗಿಲ ಹಿಂದೆ ಬೆಳ್ಳಕ್ಕಿ ಇಳಿದವು, ಹುಚ್ಚೆಳ್ಳಿನ ಹೂವಿಗೆ ಜೇನು ಬಂತು. ಕಣದಲ್ಲಿ ಮನೆಗೆ ಸಾಲುವಷ್ಟು ಸ್ವಂತ ರಾಗಿ ಬಿದ್ದ ದಿನ ರಾಮಲಿಂಗಯ್ಯ ಮೊದಲ ಮುದ್ದೆಯನ್ನು ಬೀರಯ್ಯನ ತಟ್ಟೆಗೆ ತಾನೇ ಹಾಕಿದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಲ್ಲೂ ಒಂದು ಮಂದೆ ಉಳಿದಿರಬಹುದು. ಅದು ಸಂತೆ ದಾರಿ ಹಿಡಿಯುವ ಮೊದಲು ಹೊಲಕ್ಕೆ ಕರೆಯಿರಿ. ನಾಚಿಕೆಯಾದರೆ ಆಗಲಿ, ಹೋಗಿ ಕೇಳಿ.